ನಲವತ್ತರ ಕಣ್ಣಿಗೆ ಸೀತಕ್ಕನ ಗೆರಸೆ

ಬೆಳಿಗ್ಗೆ ಆರೂಮುಕ್ಕಾಲು. ಕಿರಿಮಂಜೇಶ್ವರ ದಾಟಿ ಪೂರ್ವಕ್ಕೆ ತಿರುಗುವ ಮಣ್ಣು ರಸ್ತೆಯ ಕೊನೆಯಲ್ಲಿ ಗೇರುಬೀಜದ ಕಾರ್ಖಾನೆ. ಚಿಮಣಿಯಲ್ಲಿ ಇನ್ನೂ ಹೊಗೆ ಎದ್ದಿಲ್ಲ, ನಿನ್ನೆ ಸುಟ್ಟ ಸಿಪ್ಪೆಯ ಘಾಟೇ ಮೂಗಿಗೆ ಹೊಡೆಯುತ್ತಿದೆ. ಗೇಟಿನ ಎದುರಿನ ಬಸ್ ತಂಗುದಾಣದಲ್ಲಿ, ಕಟ್ಟೆಯ ಮೇಲೆ ಕಾಲು ಮಡಚಿ ಕೂತವರು ಸೀತು ಮೊಗವೀರ, ವಯಸ್ಸು ನಲವತ್ತೈದು. ಮಡಿಲಲ್ಲಿ ಅಕ್ಕಿ ಕೇರುವ ಗೆರಸೆ. ಅದರಲ್ಲಿ ಒಂದು ಹಿಡಿ ಕುಚ್ಚಲಕ್ಕಿ, ಅಕ್ಕಿಯಲ್ಲಿ ಬೆರೆಸಿಟ್ಟ ಐದು ಸಣ್ಣ ಕಲ್ಲು. ಒಂದು ಸೂಜಿ, ಕಪ್ಪು ನೂಲು. ಅಂಗೈಯಗಲ ಬಲೆಯ ತುಂಡು, ಅದರಲ್ಲಿ ಒಂದೇ ಒಂದು ಕಡೆ ಹರುಕು. ಮತ್ತೆ ನಾಲ್ಕು ಗೋಡಂಬಿ, ಅವುಗಳಲ್ಲಿ ಒಂದರ ಬೆನ್ನಿಗೆ ಮಾತ್ರ ಸಾಸಿವೆಯಷ್ಟು ಕೆಂಪು ಸಿಪ್ಪೆ ಅಂಟಿಕೊಂಡಿದೆ.

"ಹ್ವಾಯ್ ಸೀತಕ್ಕ, ಬೇಗ ಕಾಣಿ, ಬೆಲ್ ಆತ್ತ್" ಎಂದು ಅವಸರ ಮಾಡುತ್ತಾಳೆ ಎದುರು ಕೂತ ಹೆಂಗಸು.

"ನೀನ್ ಮೊದ್ಲ್ ಕಲ್ಲ್ ಹೆಕ್ಕ್ ಹೆಣೆ. ಬೆಲ್ ಎಲ್ಲಿಗೂ ಓಡಿ ಹೋತಿಲ್ಲೆ."

ಆ ಹೆಂಗಸು ಗೆರಸೆಯನ್ನು ಎತ್ತಿಕೊಂಡು ಮೊದಲು ಮಾಡಿದ ಕೆಲಸವೆಂದರೆ ಅದನ್ನು ದೂರ ತಳ್ಳಿದ್ದು. ತೋಳು ನೆಟ್ಟಗಾಯಿತು, ಗಲ್ಲ ಹಿಂದೆ ಹೋಯಿತು, ಹುಬ್ಬು ಗಂಟಿಕ್ಕಿತು. ಎರಡು ಕಲ್ಲು ಸಿಕ್ಕಿತು. "ಕೈ ಇನ್ನೊಂದ್ ಗೇಣ್ ಉದ್ದ ಇದ್ದಿದ್ರೆ ಎಲ್ಲಾ ಸಿಕ್ತಿತ್ತ್" ಎಂದು ನಕ್ಕಳು. ಸೀತು ನಗಲಿಲ್ಲ. ಚೀಲದಿಂದ ಒಂದು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ತಾವೇ ಅವಳ ಕಿವಿಗೆ ಸಿಕ್ಕಿಸಿದರು. ಗೆರಸೆ ತಾನಾಗಿಯೇ ಮೊಣಕಾಲಿನ ಹತ್ತಿರ ಬಂತು. ಮೂರು, ನಾಲ್ಕು, ಐದು. "ಅಯ್ಯೋ ಅಬ್ಬೆ, ಇಷ್ಟ್ ದಿನ ಮನೆಯವ್ರಿಗೆ ಕಲ್ಲೇ ಬೇಯ್ಸಿ ಹಾಕಿದ್ನಾ!" ಎಂದು ಅವಳು ಬಾಯಿಗೆ ಕೈ ಹಿಡಿದಳು.

ಇಂದು ಗುರುವಾರ. ಎಂಟರ ಗಂಟೆಯೊಳಗೆ ಸೀತು ಆರು ಜನರನ್ನು ಪರೀಕ್ಷಿಸಿದ್ದಾರೆ. ಏಳನೆಯವಳಾಗಿ ಬಂದ ಗಿರಿಜಾ ಗೆರಸೆ ಮುಟ್ಟಲಿಲ್ಲ. ಅವಳಿಗೆ ಕನ್ನಡಕ ಸಿಕ್ಕಿ ಹದಿನೈದು ದಿನವಾಗಿದೆ. ಆದರೆ ಅದು ಅವಳ ಮುಖದ ಮೇಲಿಲ್ಲ, ಕಾರ್ಖಾನೆಯ ಸೂಪರ್‌ವೈಸರ್ ಮಿಥುನ್‌ನ ಮೇಜಿನ ಡ್ರಾಯರಿನಲ್ಲಿದೆ. "ಶನಿವಾರದ ಒಳ್ಗೆ ಸಿಪ್ಪಿ ಉಳಿಯೂದ್ ನಿಲ್ದಿದ್ರೆ ಟೇಬಲ್ ಬಿಡ್ಕ್ ಅಂದ್ರ್ ಸೀತಕ್ಕ. ಬೀಜ ಒಡೂಕ್ ಹಾಕ್ತ್ರಂಬ್ರ್" ಎಂದು ನಿಂತಲ್ಲೇ ಹೇಳಿ ಅವಳು ಗೇಟಿನೊಳಗೆ ಓಡಿದಳು. ಗೋಡಂಬಿ ವಿಂಗಡಿಸುವ ಮೇಜಿನಿಂದ ಬೀಜ ಒಡೆಯುವ ಸಾಲಿಗೆ ಹಾಕುವುದೆಂದರೆ ಏನೆಂದು ಆ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಗೇರೆಣ್ಣೆ ಬೆರಳಿನ ಚರ್ಮವನ್ನು ಸುಟ್ಟು ಕಪ್ಪು ಮಾಡುತ್ತದೆ. ಅನ್ನ ಕಲಸಿದರೂ ಉರಿ.

ಸೀತಕ್ಕನಿಗೆ ಅದು ಕೇಳಿ ಗೊತ್ತಾದ ಸಂಗತಿಯಲ್ಲ. ತ್ರಾಸಿಯ ಕಡಲ ಬದಿಯಲ್ಲಿ ಹುಟ್ಟಿ, ಎರಡನೇ ಕ್ಲಾಸಿಗೆ ಶಾಲೆ ಬಿಟ್ಟ ಅವರು ಇದೇ ಕಾರ್ಖಾನೆಯ ಗೇಟು ಹೊಕ್ಕದ್ದು 1997ರಲ್ಲಿ, ಇಪ್ಪತ್ತೆಂಟರ ಪ್ರಾಯದಲ್ಲಿ. ಗಂಡ ಬಚ್ಚ ಗಂಗೊಳ್ಳಿಯ ಬೋಟಿನಲ್ಲಿ ಕಡಲಿಗೆ ಹೋಗುತ್ತಾರೆ. ಮೊದಲ ಮೂರು ವರ್ಷ ಸಿಪ್ಪೆ ಬಿಡಿಸುವ ಸಾಲು, ಆಮೇಲೆ ವಿಂಗಡಿಸುವ ಮೇಜು. ಒಂದು ಪೌಂಡಿಗೆ ಇನ್ನೂರ ನಲವತ್ತು ತೂಗುವ ಗೋಡಂಬಿ ಯಾವುದು, ಮುನ್ನೂರ ಇಪ್ಪತ್ತು ತೂಗುವುದು ಯಾವುದು ಎಂದು ಅವರು ಬರಿಗಣ್ಣಿನಲ್ಲಿ ಬೇರೆ ಮಾಡುತ್ತಿದ್ದರು. ಹೊಸದಾಗಿ ಬಂದ ಹೆಣ್ಣುಮಕ್ಕಳನ್ನು ಅವರ ಪಕ್ಕದಲ್ಲಿ ಕೂರಿಸಿ ಕಲಿಸುತ್ತಿದ್ದ ಕಾಲವೊಂದಿತ್ತು.

2010ರ ಮಳೆಗಾಲದ ನಂತರ ಅವರು ವಿಂಗಡಿಸಿದ ರಾಶಿಯಲ್ಲಿ ಸಿಪ್ಪೆ ಉಳಿಯತೊಡಗಿತು. ಹೋಳಾದದ್ದು ಇಡಿಯದರ ಜೊತೆ ಸೇರತೊಡಗಿತು. ಮಧ್ಯಾಹ್ನವಾದರೆ ತಲೆನೋವು. ಕಿಟಕಿಯ ಬದಿ ಕೂತರೆ ಸ್ವಲ್ಪ ವಾಸಿ ಎಂದು ಅಲ್ಲಿ ಜಾಗ ಹಿಡಿಯಲು ಹೋದರೆ, ಅಲ್ಲಿ ಮೊದಲೇ ನಲವತ್ತು ದಾಟಿದ ನಾಲ್ಕು ಜನ ಜಗಳಕ್ಕೆ ನಿಂತಿದ್ದರು. ಈ ಜಗಳ ಇಲ್ಲಿನ ಎಲ್ಲ ಗೇರುಬೀಜ ಕಾರ್ಖಾನೆಗಳಲ್ಲೂ ನಡೆಯುತ್ತದೆ. ಹೆಂಗಸರು ಗಾಳಿಗೆ ಆಸೆ ಪಡುತ್ತಾರೆ, ಹರಟೆ ಹೊಡೆಯಲು ಮೂಲೆ ಹುಡುಕುತ್ತಾರೆ ಎಂದು ಮೇಲಿನವರು ಬೈಯುತ್ತಾರೆ. ಬೆಳಕು ಜಾಸ್ತಿಯಾದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಕಿರಿದಾದ ಕಿಂಡಿಯಲ್ಲಿ ಹತ್ತಿರದ್ದು ಸ್ವಲ್ಪ ಚೊಕ್ಕವಾಗಿ ಕಾಣುತ್ತದೆ ಎಂಬ ಸತ್ಯವನ್ನು ಆ ಹೆಂಗಸರ ಕಣ್ಣು ತಾನೇ ಕಂಡುಕೊಂಡಿತ್ತು. ಬೈಯುವವರಿಗೆ ಅದು ಇವತ್ತಿಗೂ ಹೊಳೆದಿಲ್ಲ.

ಸೀತುವನ್ನು ಬೀಜ ಒಡೆಯುವ ಸಾಲಿಗೆ ಹಾಕಿದರು. ಎರಡು ತಿಂಗಳ ಬಳಿಕ ನಾಳೆಯಿಂದ ಬರುವುದು ಬೇಡ ಎಂದರು. "ನಂಗೂ ಹಾಂಗೇ ಅನ್ಸಿತ್ತ್ ಮಾರಾಯ್ರೆ, ನಂಗೇ ಸೋಮಾರಿತನ ಬಂತೇನೋ ಅಂತ. ದೂರದ್ ದೋಣಿ ಲಾಯ್ಕ್ ಕಾಂತ್, ಆಚೆ ದಡದಲ್ ಯಾರ್ ನಿಂತಿದ್ರ್ ಅಂತ ಕಾಂತ್. ಕೈಯಾಗಿದ್ದದ್ದ್ ಕಾಂತಿಲ್ಲೆ ಅಂದ್ರೆ ಯಾರ್ ನಂಬ್ತ್ರ್?" ಎನ್ನುತ್ತಾರೆ ಅವರು.

ಕುಂದಾಪುರದ ಶಾಲೆಯೊಂದರಲ್ಲಿ ಉಚಿತ ಕಣ್ಣಿನ ಶಿಬಿರವಿದೆ ಎಂದು ಕೇಳಿ ಅವರು ಅಲ್ಲಿಗೆ ಹೋದರು. ಅಲ್ಲಿ ನಡೆದದ್ದನ್ನು ಬರೆಯುವಾಗ ನನ್ನ ಪೆನ್ನು ಈಗಲೂ ಕಾಗದ ಹರಿಯುತ್ತದೆ. ಇಪ್ಪತ್ತು ಅಡಿ ದೂರದ ಗೋಡೆಯಲ್ಲಿ ಒಂದು ಹಲಗೆ. ಮೂರು ಕಾಲಿನ ಗುರುತು ಯಾವ ಕಡೆಗೆ ತಿರುಗಿದೆ ಎಂದು ಕೈಸನ್ನೆಯಲ್ಲಿ ತೋರಿಸಬೇಕು. ಕಡಲ ಮೇಲಿನ ದೋಣಿ ಗುರುತಿಸುವವರಿಗೆ ಅದೆಷ್ಟರ ಕೆಲಸ? ಕೊನೆಯ ಸಾಲಿನವರೆಗೂ ತೋರಿಸಿದರು. ಪೊರೆ ಇಲ್ಲ, ಕಣ್ಣು ಚೆನ್ನಾಗಿದೆ, ಹೋಗಿ ಎಂದರು. ಇನ್ನೊಂದು ಮೇಜಿನಲ್ಲಿ ಹತ್ತಿರ ನೋಡುವ ಕನ್ನಡಕಗಳನ್ನು ರಾಶಿ ಹಾಕಿದ್ದರು. ಸೀತು ಅಲ್ಲಿಗೂ ಹೋಗಿ ನಿಂತರು. ಕಾರ್ಯಕರ್ತೆಯೊಬ್ಬಳು ಅಚ್ಚಾದ ಅಕ್ಷರಗಳ ಕಾರ್ಡು ಹಿಡಿದು ಕೇಳಿದಳು, "ಓದಲು ಬರುತ್ತದಾ?" ಇಲ್ಲ ಎಂದರು ಸೀತು. "ಹಾಗಾದರೆ ಓದುವ ಕನ್ನಡಕ ನಿಮಗೆ ಯಾಕೆ?"

ಓದುವ ಕನ್ನಡಕವಂತೆ! ಅಕ್ಕಿಯ ಕಲ್ಲು ಓದಲು ಬರುತ್ತದೆಯೇ? ಮೀನಿನ ಮುಳ್ಳು, ಮೊಮ್ಮಗುವಿನ ಕಾಲಿಗೆ ನೆಟ್ಟ ಮುಳ್ಳು, ಹರಿದ ಬಲೆ, ಹೂವಿನ ದಾರ, ಗೋಡಂಬಿಯ ಸಿಪ್ಪೆ ಇವನ್ನೆಲ್ಲ ಯಾವ ಲಿಪಿಯಲ್ಲಿ ಬರೆದಿದ್ದಾರೆ? ದಿನಕ್ಕೆ ಅರ್ಧ ಗಂಟೆ ಪೇಪರು ಓದುವ ನನಗೆ ಹತ್ತಿರದ ಕಣ್ಣು ಬೇಕು, ದಿನಕ್ಕೆ ಎಂಟು ಗಂಟೆ ಗೋಡಂಬಿ ನೋಡುವವರಿಗೆ ಬೇಡ ಎಂದು ತೀರ್ಮಾನ ಮಾಡಿದವರು ಯಾರು? ಆ ಶಿಬಿರದ ಮರುದಿನ ಪತ್ರಿಕೆಗಳಲ್ಲಿ ಫೋಟೋ ಬಂದಿತ್ತು, ಶಾಲು ಹೊದ್ದವರ ಸಾಲು ಸಾಲು. ನಮ್ಮ ಪತ್ರಿಕೆಯಲ್ಲೂ ಬಂದಿತ್ತು. ಅದರ ಪಾಲು ನನಗೂ ಇದೆ.

ಕೆಲಸ ಹೋದ ಮೇಲೆ ಸೀತು ಮೀನಿನ ಬುಟ್ಟಿ ಹೊತ್ತರು. ತ್ರಾಸಿಯಿಂದ ಬಸ್ಸಿನಲ್ಲಿ ಕುಂದಾಪುರ, ಅಲ್ಲಿಂದ ಕೋಟ, ಸಾಸ್ತಾನ. ಸಾಸ್ತಾನದಲ್ಲಿ ಅವರಿಂದ ಖಾಯಂ ಮೀನು ಕೊಳ್ಳುತ್ತಿದ್ದವರು ಭೋಜರಾಜ ಶೆಟ್ಟರು. ಸರಕಾರಿ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಕಣ್ಣಿನ ವಿಭಾಗದ ಸಹಾಯಕರಾಗಿದ್ದು ನಿವೃತ್ತರಾದವರು. ಒಂದು ದಿನ ಅಂಗಳದಲ್ಲಿ ಬೊಳಂಜೀರು ಸ್ವಚ್ಛ ಮಾಡುತ್ತಿದ್ದ ಸೀತು ಪ್ರತಿ ಮೀನನ್ನೂ ತೋಳುದ್ದ ದೂರ ಹಿಡಿಯುವುದನ್ನು ಕಂಡ ಶೆಟ್ಟರು ತಮ್ಮ ಕನ್ನಡಕ ತೆಗೆದು ಕೊಟ್ಟರು. ಸೀತು ಹಾಕಿಕೊಂಡು ಮೀನು ನೋಡಲಿಲ್ಲ, ತಮ್ಮ ಅಂಗೈ ನೋಡಿದರು. "ಗೇರೆಣ್ಣಿ ಸುಟ್ಟ ಗೆರಿ, ಕತ್ತಿ ತಾಗಿದ್ ಗೆರಿ, ಎಲ್ಲಾ ಕಂಡ್ತ್. ಒಂದ್ ವರ್ಷದಿಂದ ನನ್ ಕೈಯೇ ನಾನ್ ಕಂಡಿರ್ಲಿಲ್ಲೆ ಕಾಣಿ. ಅಲ್ಲೇ ಕೂಕಂಡ್ ಮರ್ಕಿದೆ" ಎಂದು ಅತ್ತದ್ದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಶೆಟ್ಟರು ಅವರಿಗೆ ಕಣ್ಣಿನ ಒಳಗಿನ ಸಂಗತಿ ಹೇಳಿಕೊಟ್ಟರು. ಸೀತು ಅದನ್ನು ಈಗ ತಂಗುದಾಣದ ಹೆಂಗಸರಿಗೆ ಹೇಳುವ ರೀತಿಯೇ ಬೇರೆ. "ಬೆರಳ್ ಮೂಗಿನ್ ಹತ್ರ ತಕ್ಕಂಡ್ ಬನ್ನಿ. ಎರಡೂ ಕಣ್ಣ್ ಒಳಗ್ ತಿರ್ಗ್ತ್, ಪಾಪಿ ಸಣ್ಣ್ ಆತ್ತ್. ಇದ್ ಹೊರಗ್ ಕಾಂಬುದ್. ಒಳ್ಗೆ ಒಂದ್ ಸಣ್ಣ್ ಮಸೂರ ಇತ್ತ್, ಕನ್ನಡ್ಕದ್ ಗಾಜಿನಂಗೆ. ಅದನ್ನ್ ಸುತ್ಲೂ ಕೂದ್ಲಿಗಿಂತ ಸಪೂರ ದಾರದಲ್ ಕಟ್ಟಿ ನಿಲ್ಸಿರ್. ದಾರದ್ ಇನ್ನೊಂದ್ ತುದಿ ಒಂದ್ ಉಂಗುರದಂಗಿಪ್ಪ ಮಾಂಸಕ್ಕೆ." ಅಷ್ಟು ಹೇಳಿ ಎದುರಿಗಿದ್ದವರನ್ನು ಎಬ್ಬಿಸಿ ಸುತ್ತ ನಿಲ್ಲಿಸುತ್ತಾರೆ. ನಡುವೆ ಚೀಲದಿಂದ ತೆಗೆದ ದೊಡ್ಡದೊಂದು ಬಲೆಯ ತುಂಡು, ಪ್ರತಿಯೊಬ್ಬರ ಕೈಯಲ್ಲೂ ಅದಕ್ಕೆ ಕಟ್ಟಿದ ಒಂದೊಂದು ಹಗ್ಗ. "ಎಲ್ಲಾ ಹಿಂದ್ ನಿಂತ್ಕಣಿ. ಹಗ್ಗ ಬಿಗಿ, ಬಲಿ ಚಪ್ಪಟಿ. ಇದ್ ದೂರ ಕಾಂಬು ಕಣ್ಣ್. ಈಗ ಎಲ್ಲಾ ಒಂದ್ ಹೆಜ್ಜಿ ಮುಂದ್ ಬನ್ನಿ. ಹಗ್ಗ ಸಡ್ಲ ಆಯ್ತ್, ಬಲಿ ಹೊಟ್ಟಿ ಬಿಡ್ತ್. ಇದ್ ಹತ್ರ ಕಾಂಬು ಕಣ್ಣ್."

ವೈದ್ಯಕೀಯ ಪುಸ್ತಕ ಹೇಳುವುದೂ ಇದನ್ನೇ. ಹತ್ತಿರದ ವಸ್ತುವಿನ ಕಡೆ ಗಮನ ಹೋದೊಡನೆ ಆ ಉಂಗುರದ ಸ್ನಾಯು ಬಿಗಿದು ಒಳಕ್ಕೆ ಸರಿಯುತ್ತದೆ. ಅದು ಬಿಗಿದರೆ ದಾರಗಳು ಸಡಿಲ. ದಾರ ಸಡಿಲವಾದರೆ ಮಸೂರ ತನ್ನ ಸ್ವಭಾವಕ್ಕೆ ಮರಳಿ ಉಬ್ಬಿ ದಪ್ಪವಾಗುತ್ತದೆ, ಬೆಳಕನ್ನು ಹೆಚ್ಚು ಬಾಗಿಸುತ್ತದೆ. ದಿನಕ್ಕೆ ಸಾವಿರ ಸಲ ನಡೆಯುವ ಈ ಕೆಲಸದ ಸುದ್ದಿಯೇ ನಮಗಿರುವುದಿಲ್ಲ. ನಲವತ್ತರ ಹೊತ್ತಿಗೆ ಮಸೂರ ಗಟ್ಟಿಯಾಗಿಬಿಡುತ್ತದೆ. ದಾರ ಎಷ್ಟು ಸಡಿಲ ಬಿಟ್ಟರೂ ಸಾಕಷ್ಟು ಉಬ್ಬುವುದಿಲ್ಲ. ಹೀಗಾಗದ ಮನುಷ್ಯನಿಲ್ಲ, ಇಂದು ಮೇಜಿನ ಪಕ್ಕ ಬೈಯುತ್ತ ನಿಂತವನಿಗೂ ಇದು ತಪ್ಪಿದ್ದಲ್ಲ.

"ಸುತ್ತ ನಿಂತವ್ರ್ ದುಡೂದ್ ಬಿಡ್ಲಿಲ್ಲೆ ಕಾಣಿ" ಎಂದು ಸೀತು ಒತ್ತಿ ಹೇಳುತ್ತಾರೆ. "ಅವ್ರ್ ಎಳಿತಾ ಇದ್ರ್, ಮುಂದ್ ಬತ್ತಾ ಇದ್ರ್. ಬಲಿಯೇ ಗಟ್ಟಿ ಆಯ್ತ್. ಅದ್ಕೇ ಮಧ್ಯಾಹ್ನ ಆರೆ ತಲಿಬೇನಿ. ಒಳ್ಗೆ ಅಷ್ಟ್ ದುಡೂವವ್ರಿಗೆ ಹೊರಗಿನವ್ರ್ ಸೋಮಾರಿ ಅಂತ್ರ್." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಗಾದೆ ಇದಕ್ಕೆಂದೇ ಹುಟ್ಟಿರಬೇಕು.

2011ರಿಂದ ಸೀತು ಮೀನಿನ ಬುಟ್ಟಿಯ ಜೊತೆ ಗೆರಸೆಯನ್ನೂ ಹೊರುತ್ತಾರೆ. ವಾರದಲ್ಲಿ ಮೂರು ದಿನ ಬೆಳಗಿನ ಹೊತ್ತು ಇದಕ್ಕೇ ಮೀಸಲು. ಬೈಂದೂರು ಕಡೆಯ ಗೇರುಬೀಜ ಕಾರ್ಖಾನೆಗಳ ಗೇಟು, ಗಂಗೊಳ್ಳಿಯ ಬಲೆ ಹೊಲಿಯುವವರ ಜಗಲಿ, ಬ್ರಹ್ಮಾವರ ಕಡೆಯ ಮಗ್ಗದ ಮನೆಗಳು. ಅಕ್ಷರದ ಕಾರ್ಡು ಅವರ ಚೀಲದಲ್ಲಿಲ್ಲ. ಮಗ್ಗದವರಿಗೆ ನೂಲು, ಬಲೆಯವರಿಗೆ ಬಲೆ, ಉಳಿದವರಿಗೆ ಅಕ್ಕಿ. ಕನ್ನಡಕಗಳನ್ನು ಮುಂಬೈಯಲ್ಲಿ ಹೋಟೆಲು ನಡೆಸುವ ಊರಿನವರು ಶೆಟ್ಟರ ಮಾತಿಗೆ ಡಬ್ಬಿ ತುಂಬಿಸಿ ಕಳಿಸುತ್ತಾರೆ. ಪಾಪೆಯಲ್ಲಿ ಬಿಳಿ ಕಂಡರೆ, ಕಣ್ಣು ಕೆಂಪಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಸೀತು ಗೆರಸೆ ತೆಗೆದಿಟ್ಟು ಆಸ್ಪತ್ರೆಯ ದಾರಿ ತೋರಿಸುತ್ತಾರೆ. "ನಾನ್ ಡಾಕ್ಟ್ರಲ್ಲ. ಕಲ್ಲ್ ಕಾಂತೋ ಇಲ್ಯೋ, ಅಷ್ಟೇ ನಂಗ್ ಗೊತ್ತಿಪ್ದ್." ಇಲ್ಲಿಯವರೆಗೆ ಸಾವಿರದ ನೂರಕ್ಕೂ ಹೆಚ್ಚು ಜನ ಅವರ ಗೆರಸೆಯಲ್ಲಿ ಕಲ್ಲು ಹೆಕ್ಕಿದ್ದಾರೆ ಎಂಬುದು ಶೆಟ್ಟರ ಲೆಕ್ಕ. ಅವರಲ್ಲಿ ಓದಲು ಬರುವವರು ನೂರರಷ್ಟೂ ಇಲ್ಲ.

ಇಷ್ಟಾದರೂ ಗಿರಿಜಾಳ ಕನ್ನಡಕ ಡ್ರಾಯರಿನಲ್ಲಿದೆ. ವಿಂಗಡಿಸುವ ಕೋಣೆಯ ಬಾಗಿಲಲ್ಲಿ ಒಂದು ಬೋರ್ಡು. ಬಳೆ, ಗಡಿಯಾರ, ಹೇರ್‌ಪಿನ್, ಗಾಜಿನ ಯಾವುದೇ ವಸ್ತು ಒಳಗೆ ತರಬಾರದು. ಹೊರದೇಶಕ್ಕೆ ಹೋಗುವ ಗೋಡಂಬಿಯಲ್ಲಿ ಗಾಜಿನ ಚೂರು ಸಿಕ್ಕಿದರೆ ಗತಿಯೇನು ಎಂಬ ಭಯ ನ್ಯಾಯವಾದದ್ದೇ, ನಾನು ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಆ ಬೋರ್ಡಿನ ಕೆಳಗೆ ನಿಂತು ಗಿರಿಜಾಳ ಕಣ್ಣಿನಿಂದ ಕನ್ನಡಕ ಕಿತ್ತುಕೊಂಡ ಮಿಥುನ್‌ನ ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕವಿತ್ತು. ಇಪ್ಪತ್ತಾರು ವರ್ಷದ ಹುಡುಗ, ದೂರದ್ದು ಕಾಣುವುದಿಲ್ಲ. ಅವನು ಅದೇ ಮೇಜಿನ ಮೇಲೆ ಬಗ್ಗಿ ದಿನವಿಡೀ ಗೋಡಂಬಿ ಪರೀಕ್ಷೆ ಮಾಡುತ್ತಾನೆ. ಕೇಳಿದರೆ, "ನಾನೆಂತ ಮಾಡೂದ್ ಹೇಳಿ? ಸ್ಟಾಫಿಗೆ ಆತ್ತ್, ಲೇಬರಿಗೆ ಆತಿಲ್ಲೆ. ರೂಲ್ ಅಲ್ದಾ. ಚೆಕ್ಕಿಂಗಿನವ್ರ್ ಬಂದ್ರೆ ನನ್ ಕೆಲ್ಸ ಹೋತ್ತ್" ಎನ್ನುತ್ತಾನೆ. ಸ್ಟಾಫಿನ ಗಾಜು ಒಡೆಯುವುದಿಲ್ಲ ಎಂದು ಯಾವ ದೇವರು ಅವನಿಗೆ ಅಭಯ ಕೊಟ್ಟಿದ್ದಾನೋ.

ಶುಕ್ರವಾರ ಹತ್ತು ಗಂಟೆಗೆ ಸೀತು ಮ್ಯಾನೇಜರರ ಕೋಣೆಗೆ ಹೊರಟರು. ಜೊತೆಗೆ ನಾನೂ ಹೋದೆ. ನಾಲ್ಕು ಸಲ ಗೇಟಿನಲ್ಲೇ ವಾಪಸಾದವರಿಗೆ ಪತ್ರಿಕೆಯವರು ಜೊತೆಗಿದ್ದಾರೆ ಎಂದಾಕ್ಷಣ ಬಾಗಿಲು ತೆರೆಯಿತು, ಒಂದು ತಟ್ಟೆ ಗೋಡಂಬಿಯೂ ಬಂತು. ಮ್ಯಾನೇಜರ್ ಐವತ್ತೆರಡರ, ಕನ್ನಡಕ ಹಾಕಿದ ಸಭ್ಯ ಮನುಷ್ಯ. ಕಾರ್ಖಾನೆಯ ಮೇಲೆ ಒಳ್ಳೆಯ ಲೇಖನ ಬರುತ್ತದೆಂದು ಎಣಿಸಿದ್ದರೇನೋ. ಗಿರಿಜಾಳ ಹೆಸರು ಕೇಳಿದೊಡನೆ ಮುಖ ಗಂಟಾಯಿತು.

ಸೀತು ವಾದಕ್ಕೆ ಇಳಿಯಲಿಲ್ಲ. ಚೀಲದಿಂದ ಒಂದು ಕನ್ನಡಕ ತೆಗೆದು, ಕೈ ಎತ್ತರಕ್ಕೆ ಹಿಡಿದು, ಸಿಮೆಂಟಿನ ನೆಲಕ್ಕೆ ಬಿಟ್ಟರು. ಅದು ಪುಟಿದು ಮೇಜಿನ ಕಾಲಿಗೆ ತಾಗಿ ಬಿತ್ತು. ಹೆಕ್ಕಿ ಒರೆಸಿ ಮೇಜಿನ ಮೇಲಿಟ್ಟರು. "ಇದ್ ಪ್ಲಾಸ್ಟಿಕಿದ್. ಕಾಣಿ, ಒಂದ್ ಗೀರೂ ಇಲ್ಲೆ. ಈಗ ಮಿಥುನಣ್ಣಂದ್ ಕೆಳಗ್ ಹಾಕಿ ಕಾಂಬ." ಬಾಗಿಲ ಬಳಿ ನಿಂತಿದ್ದ ಮಿಥುನ್‌ನ ಕೈ ತನ್ನ ಕನ್ನಡಕದ ಮೇಲೆ ಹೋಯಿತು, ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಪ್ರಶ್ನೆ ಬರೀ ಗಾಜಿನದ್ದಲ್ಲ" ಎಂದರು ಮ್ಯಾನೇಜರ್. "ವಯಸ್ಸಾದ ಮೇಲೆ ಇವರಿಗೆ ಕೆಲಸದಲ್ಲಿ ಅಸಡ್ಡೆ ಬರುತ್ತದೆ ಸಾರ್. ಇದು ಇವತ್ತಿನ ಕಥೆಯಲ್ಲ. ಬೇಕಾದರೆ ನೀವೇ ನೋಡಿ." ಕಪಾಟಿನಿಂದ ಒಂದು ಹಳೆಯ ರಿಜಿಸ್ಟರು ತೆಗೆದು ಅವರೇ ನನ್ನ ಮುಂದೆ ಇಟ್ಟರು. ಮೇಜಿನಿಂದ ತೆಗೆದವರ ಪಟ್ಟಿ. ಹೆಸರು, ವಯಸ್ಸು, ಕಾರಣ. 2004ರಿಂದ ಇಪ್ಪತ್ಮೂರು ಹೆಸರುಗಳು. ಕಾರಣದ ಕೆಳಗೆ ಉದ್ದಕ್ಕೂ ಒಂದೇ ಕೈಬರಹದಲ್ಲಿ ಒಂದೇ ಪದ: ಅಸಡ್ಡೆ. ನಾನು ವಯಸ್ಸುಗಳನ್ನಷ್ಟೇ ಗಟ್ಟಿಯಾಗಿ ಓದಿದೆ. ನಲವತ್ತೆರಡು. ನಲವತ್ತನಾಲ್ಕು. ನಲವತ್ತೊಂದು. ನಲವತ್ತಾರು. ನಲವತ್ಮೂರು. ಇಪ್ಪತ್ಮೂರು ಜನರಲ್ಲಿ ಮೂವತ್ತರವಳು ಒಬ್ಬಳೂ ಇರಲಿಲ್ಲ. ಪ್ರಾಯದ ಹುಡುಗಿಯರಲ್ಲಿ ಒಬ್ಬಳಿಗೂ ಹತ್ತು ವರ್ಷದಲ್ಲಿ ಒಮ್ಮೆಯೂ ಅಸಡ್ಡೆ ಬರಲಿಲ್ಲವೇ ಎಂದು ಕೇಳಿದೆ. ನನ್ನ ದನಿ ಏರಿತ್ತು, ಅದಕ್ಕೆ ಈಗಲೂ ಪಶ್ಚಾತ್ತಾಪವಿಲ್ಲ.

ಸೀತು ಗೋಡಂಬಿಯ ತಟ್ಟೆಯನ್ನು ಮ್ಯಾನೇಜರರ ಕಡೆಗೆ ಸರಿಸಿದರು. "ಸಾರ್, ನಿಮ್ ಕನ್ನಡ್ಕ ತೆಗ್ದ್, ಇದ್ರಲ್ ಸಿಪ್ಪಿ ಇದ್ದದ್ದ್ ಒಂದ್ ಹೆಕ್ಕಿ ಕೊಡಿ. ಒಂದೇ ಸಾಕ್." ಅವರು ನನ್ನ ಮುಖ ನೋಡಿ ನಗಲು ಪ್ರಯತ್ನಿಸಿದರು, ಆಮೇಲೆ ಕನ್ನಡಕ ತೆಗೆದರು. ಒಂದು ಗೋಡಂಬಿ ಎತ್ತಿಕೊಂಡರು. ಕೈ ಮೆಲ್ಲಗೆ ದೂರ ಹೋಯಿತು, ತೋಳು ನೆಟ್ಟಗಾಯಿತು. ಅವರು ಗೋಡಂಬಿಯನ್ನು ತಟ್ಟೆಗೆ ಹಾಕಿ, ಕನ್ನಡಕ ಹಾಕಿಕೊಂಡು, ಒಂದು ಚೀಟಿ ಎಳೆದು ಬರೆದರು. ಪ್ಲಾಸ್ಟಿಕ್ ಕನ್ನಡಕ, ಹಿಂದೆ ದಾರ ಕಟ್ಟಿರಬೇಕು, ವಿಂಗಡಿಸುವ ಮೇಜಿನಲ್ಲಿ ಬಳಸಬಹುದು. ಮಿಥುನ್ ಡ್ರಾಯರಿನ ಬೀಗದ ಕೈ ಹುಡುಕುತ್ತ ಹೊರಗೆ ಹೋದ. ಗಿರಿಜಾಳ ಜಾಗ ಉಳಿಯಿತು.

ನಾನು ಏಳಲು ಹೊರಟೆ. ಸೀತು ಕೂತೇ ಇದ್ದರು. "ಅದ್ರಗೆ ನನ್ದ್ ಎಲ್ಲಿತ್ತ್?" ಎಂದು ಕೇಳಿದರು. ರಿಜಿಸ್ಟರಿನಲ್ಲಿ 2010ರ ಪುಟ ಹುಡುಕಿ, ಅವರ ಬೆರಳು ಹಿಡಿದು ಸಾಲಿನ ಮೇಲಿಟ್ಟೆ. ಸೀತು, ನಲವತ್ತೊಂದು, ಅಸಡ್ಡೆ. ಓದಿ ಹೇಳಿದೆ. ಅವರು ತಮ್ಮ ಕನ್ನಡಕ ಹಾಕಿಕೊಂಡು, ಬಗ್ಗಿ, ಆ ಕೊನೆಯ ಪದವನ್ನು ಬಹಳ ಹೊತ್ತು ನೋಡಿದರು. ಹದಿಮೂರು ವರ್ಷದ ಕೆಲಸಕ್ಕೆ ಸಿಕ್ಕಿದ ಸರ್ಟಿಫಿಕೇಟು ಅದೊಂದೇ.

"ಇದನ್ನ್ ಹೊಡ್ದ್ ಹಾಕಿ ಸಾರ್" ಎಂದರು. "ಕೆಲ್ಸ ಬ್ಯಾಡ, ನಂಗ್ ಮೀನ್ ಇತ್ತ್. ಇದ್ರ್ ಬದ್ಲಿಗೆ ಕಣ್ಣ್ ಅಂತ ಬರೀರಿ. ನಂದೊಂದೇ ಅಲ್ಲ, ಇಪ್ಪತ್ಮೂರ್ ಜನದ್ದೂ."

"ಹಳೆಯ ದಾಖಲೆ ತಿದ್ದುವ ಹಾಗಿಲ್ಲ ಸೀತು" ಎಂದರು ಮ್ಯಾನೇಜರ್. ಈ ಸಲ ಅವರ ದನಿಯಲ್ಲಿ ಗಡಸು ಇರಲಿಲ್ಲ. ಆದರೂ ರಿಜಿಸ್ಟರು ಮುಚ್ಚಿ ಕಪಾಟಿಗೆ ಹೋಯಿತು.

ಗೇಟಿನ ಹೊರಗೆ ಬಂದು ಬುಟ್ಟಿ ತಲೆಗೇರಿಸಿಕೊಳ್ಳುತ್ತಿದ್ದ ಸೀತಕ್ಕನಿಗೆ, ಗಿರಿಜಾಳ ಕೆಲಸ ಉಳಿಯಿತಲ್ಲ, ಇನ್ನು ನಿಮಗೇನು ಆಸೆ ಎಂದು ಕೇಳಿದೆ. ನಮ್ಮಂಥವರು ಲೇಖನದ ಕೊನೆಗೆ ಕೇಳುವ ಮಾಮೂಲಿ ಪ್ರಶ್ನೆ. ಅವರು ನನ್ನನ್ನು ಒಮ್ಮೆ ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಆಸಿ ಎಂತದ್? ನಂಗ್ ಓದೂಕ್ ಬತ್ತಿಲ್ಲೆ, ಖರೆ. ಆದ್ರೆ ಆ ಒಂದ್ ಅಕ್ಷರ ಹ್ಯಾಂಗಿರ್ತ್ ಅಂತ ಇವತ್ ಕಂಡ್ಕಂಡೆ. ಇನ್ನ್ ಯಾರ್ ಹೆಸ್ರಿನ್ ಎದ್ರಿಗೆ ಬರ್ದ್ರೂ ನಂಗ್ ಗುರ್ತ ಸಿಕ್ಕತ್ತ್. ಬರೀಲಿ ಕಾಂಬ."